ಅಂಬಾಸಿಡರ್ ಭಕ್ತರಿಗೆ, ಡ್ರೈವರ್ ಸೀಟಿನಿಂದ

ಹಳೇ ಕಾರಿನ ಮಾತು ತೆಗೆದ್ರೆ ಸಾಕು, ನಮ್ಮಲ್ಲಿ ಮುಕ್ಕಾಲು ಪಾಲು ಜನಕ್ಕೆ ಕಣ್ಣು ಒದ್ದೆಯಾಗಿಬಿಡುತ್ತೆ. "ಆಹಾ, ಅಂಬಾಸಿಡರ್! ಕಾರು ಅಂದ್ರೆ ಅದು. ಆನೆ ಕಣ್ರೀ ಆನೆ. ಈಗಿನವೆಲ್ಲ ತಗಡು ಡಬ್ಬಿ" ಅಂತ ಶುರುವಾದ್ರೆ ಇನ್ನು ಮುಗಿಯೋ ಹಾಗೇ ಇಲ್ಲ. ಮದುವೆ ದಿಬ್ಬಣ, ಅಜ್ಜನ ಮನೆ, ಹಿಂದಿನ ಸೀಟಲ್ಲಿ ಆರು ಮಕ್ಕಳು, ಮುಂದೆ ಡ್ರೈವರ್ ಪಕ್ಕ ಮತ್ತೆ ಮೂರು ಜನ, ಡಿಕ್ಕಿಯಲ್ಲಿ ಅಕ್ಕಿ ಮೂಟೆ.... ಎಲ್ಲಾ ಬರುತ್ತೆ. ಕೊನೆಗೆ ತಪ್ಪದೆ ಒಂದು ಸಾಲು: "ಮಾರುತಿ 800 ಬಂತು ನೋಡಿ, ಅಲ್ಲಿಗೆ ಎಲ್ಲಾ ಹಾಳಾಯ್ತು."

ಈ ಕೊನೇ ಸಾಲಿನ ಮೇಲೇ ನನ್ನ ಜಗಳ. ಉಳಿದಿದ್ದಕ್ಕೆಲ್ಲ ನನ್ನದೂ ಒಂದೆರಡು ಹನಿ ಕಣ್ಣೀರು ಸೇರಿಸ್ಕೊಳ್ಳಿ, ಅಡ್ಡಿಯಿಲ್ಲ :-)

ಈಗ ಎರಡೂ ಹಳೇ ಕಾರುಗಳೇ. ಸೋಜಿಗ ಏನಂದ್ರೆ ಎರಡೂ ಕಣ್ಣು ಮುಚ್ಚಿದ್ದು ಒಂದೇ ವರ್ಷ. 2014ರ ಜನವರಿಯಲ್ಲಿ ಮಾರುತಿ 800 ತಯಾರಿಕೆ ನಿಂತಿತು. ಅದೇ ವರ್ಷ ಮೇ ತಿಂಗಳಲ್ಲಿ ಕೋಲ್ಕತ್ತಾ ಪಕ್ಕದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟರ್ಸ್ ಕಾರ್ಖಾನೆಗೆ ಬೀಗ ಬಿತ್ತು, ಅಂಬಾಸಿಡರ್ ಕೂಡ ನಿಂತಿತು. ಒಂದು ಸಾವಿಗೆ ಹನ್ನೊಂದನೇ ದಿನ, ವೈಕುಂಠ ಸಮಾರಾಧನೆ ಎಲ್ಲಾ ಆಯ್ತು. ಇನ್ನೊಂದಕ್ಕೆ "ಅಯ್ಯೋ ಪಾಪ, ಹೋಯ್ತಾ?" ಅಂದು ಮುಂದಿನ ಪುಟ ತಿರುಗಿಸಿದೆವು. ಯಾವುದು ಎಷ್ಟು ಜನರ ಮನೆ ಮುಂದೆ ನಿಂತಿತ್ತು ಅಂತ ಲೆಕ್ಕ ಹಾಕಿದ್ರೆ ಇದು ತಲೆಕೆಳಗಾಗಬೇಕಿತ್ತು. 800 ನಮ್ಮ ದೇಶದಲ್ಲಿ 25 ಲಕ್ಷಕ್ಕೂ ಹೆಚ್ಚು ಮಾರಾಟ ಆದ ಕಾರು. ಅಂಬಾಸಿಡರ್ ತನ್ನ ಒಳ್ಳೇ ದಿನಗಳಲ್ಲಿ, ಅಂದ್ರೆ 1980ರ ದಶಕದ ನಡುವೆ, ವರ್ಷಕ್ಕೆ 24,000ದ ಆಸುಪಾಸು. ಕೊನೇ ವರ್ಷ ಸುಮಾರು 2,200.

ಸರಿ, ಸಂಖ್ಯೆಯಿಂದ ಕಾರು ಒಳ್ಳೇದಾಗಲ್ಲ ಅಂತೀರಿ. ಒಪ್ಪಿದೆ. ಓಟ ನೋಡೋಣ, ಆಮೇಲೆ ಉಪಯೋಗ ನೋಡೋಣ.

ಅಂಬಾಸಿಡರ್ ಅಂದ್ರೆ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್‌ನ ಮೂರನೇ ಸರಣಿ. ಹೆಚ್ಚು ಕಾಲ ಅದರಲ್ಲಿದ್ದದ್ದು 1489 ಸಿಸಿ ಪೆಟ್ರೋಲ್ ಇಂಜಿನ್ನು, ಸುಮಾರು 50 ಅಶ್ವಶಕ್ತಿ. ಕಾರಿನ ತೂಕ 1,100 ಕಿಲೋ ಮೇಲೆ. ಮಾರುತಿ 800ದು ಮೂರು ಸಿಲಿಂಡರಿನ 796 ಸಿಸಿ ಇಂಜಿನ್ನು, ಸುಮಾರು 37 ಅಶ್ವಶಕ್ತಿ. ತೂಕ 650 ಕಿಲೋ ಆಸುಪಾಸು. ಈಗ ಒಂದು ಟನ್ನಿಗೆ ಎಷ್ಟು ಕುದುರೆ ಅಂತ ಭಾಗಿಸಿ. ಅಂಬಾಸಿಡರಿಗೆ 45, ಎಂಟುನೂರಕ್ಕೆ 57. ಅರ್ಧದಷ್ಟು ಇಂಜಿನ್ ಇರೋ "ಡಬ್ಬಿ" ಆನೆಗಿಂತ ಚುರುಕು! ಇದು ಪೆಟ್ರೋಲ್ ಗಾಡಿ ಕಥೆ. 1980ರ ಹೊತ್ತಿಗೆ ಬಂದ ಡೀಸೆಲ್ ಅಂಬಾಸಿಡರಿನಲ್ಲಿ ಇದ್ದದ್ದು 37 ಅಶ್ವಶಕ್ತಿ. ಅಂದ್ರೆ 800ರಷ್ಟೇ ಶಕ್ತಿ, ಹೊರೋದು ಹೆಚ್ಚು ಕಡಿಮೆ ಎರಡರಷ್ಟು ಭಾರ. ಅದು ಘಾಟಿ ಹತ್ತೋವಾಗ ಹಿಂದೆ ಸಿಕ್ಕಿಹಾಕ್ಕೊಂಡವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಕಪ್ಪು ಹೊಗೆ, ಎರಡನೇ ಗೇರು, ಮುಂದೆ ಒಂದು ಉದ್ದದ ಮೌನ...

ಮಾರಿಸ್ ಆಕ್ಸ್‌ಫರ್ಡನ್ನ 1950ರ ದಶಕದಲ್ಲಿ ಬ್ರಿಟಿಷ್ ಪತ್ರಿಕೆಯವರು ಪರೀಕ್ಷೆ ಮಾಡಿದಾಗ ಗಂಟೆಗೆ 60 ಮೈಲಿ ವೇಗಕ್ಕೆ ಬರೋಕೆ ಅದಕ್ಕೆ ಅರ್ಧ ನಿಮಿಷದ ಹತ್ತಿರ ಬೇಕಾಗಿತ್ತು. ಆ ಕಾಲಕ್ಕೆ ಅದು ನಾಚಿಕೆಗೇಡಲ್ಲ, ಸಂಸಾರಸ್ಥರ ಕಾರಿಗೆ ಅಷ್ಟು ಸಾಕಿತ್ತು. 1983ರಲ್ಲೂ ಅದೇ ಸಾಕು ಅಂತ ನಮ್ಮ ಮೇಲೆ ಹೊರಿಸಿದ್ದು ಮಾತ್ರ ನಾಚಿಕೆಗೇಡು.

"ನೀವು ಇಸುಝು ಓಡಿಸಿಲ್ಲ, ಅದಕ್ಕೇ ಹೀಗೆ ಹೇಳ್ತೀರಿ" ಅನ್ನೋರು ಇದ್ದಾರೆ. ಓಡಿಸಿದ್ದೀನಿ ಸ್ವಾಮಿ. 1992ರಲ್ಲಿ 1.8 ಲೀಟರಿನ ಇಸುಝು ಪೆಟ್ರೋಲ್ ಇಂಜಿನ್ನು, ಐದು ಗೇರು ಬಂದ ಮೇಲೆ ಅಂಬಾಸಿಡರ್ ನಿಜಕ್ಕೂ ಓಡ್ತಿತ್ತು. ನುಗ್ಗುತ್ತಿತ್ತು ಅನ್ನಿ, ಬೇಕಿದ್ರೆ. ಸುಮಾರು 75 ಅಶ್ವಶಕ್ತಿ, 800 ಅದರ ಸಮಕ್ಕೆ ಬರಲ್ಲ. ಆದರೆ ನೋಡಿ, ಆನೆ ಓಡೋಕೆ ಶುರುಮಾಡಿದ್ದು ಅದರ ಎದೆಗೆ ಜಪಾನಿನ ಹೃದಯ ಹಾಕಿದ ಮೇಲೆ. ಮಾರುತಿಯನ್ನ "ಜಪಾನಿ ಆಟಿಕೆ" ಅಂತ ಆಡಿಕೊಂಡವರು ಈ ವಿಷಯ ಬಂದಾಗ ಯಾಕೋ ಕೆಮ್ಮಿ ಸುಮ್ಮನಾಗ್ತಾರೆ.

ಓಟ ಅಂದ್ರೆ ಬರೀ ವೇಗ ಅಲ್ಲ, ನಿಲ್ಲಿಸೋದು, ತಿರುಗಿಸೋದು ಕೂಡ. ಅಂಬಾಸಿಡರಿಗೆ ದಶಕಗಟ್ಟಲೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಘಾಟಿ ಇಳಿಯೋವಾಗ ಡ್ರಮ್ ಬಿಸಿಯಾದ್ರೆ ಪೆಡಲ್ ಮೇಲೆ ನಿಂತ್ಕೊಂಡ್ರೂ ಕಾರು ನಿಧಾನಕ್ಕೆ ಯೋಚನೆ ಮಾಡಿ ನಿಲ್ಲುತ್ತಿತ್ತು. 800ಕ್ಕೆ ಆಮೇಲಾಮೇಲೆ ಮುಂದಿನ ಚಕ್ರಕ್ಕೆ ಡಿಸ್ಕ್ ಬಂತು, ಅದಕ್ಕಿಂತ ಮುಖ್ಯವಾಗಿ ನಿಲ್ಲಿಸಬೇಕಾದ ಭಾರವೇ ಅರ್ಧ. ಆಗುಂಬೆಯ ಹದಿನಾಲ್ಕು ತಿರುವು ನೆನಪು ಮಾಡ್ಕೊಳ್ಳಿ. 4.4 ಮೀಟರ್ ತಿರುಗು ತ್ರಿಜ್ಯದ, ಮೂರೂಕಾಲು ಮೀಟರ್ ಚಿಲ್ಲರೆ ಉದ್ದದ ಕಾರು ಅಲ್ಲಿ ಬೆಕ್ಕಿನ ಹಾಗೆ ತಿರುಗಿಬಿಡುತ್ತೆ. ನಾಲ್ಕೂಕಾಲು ಮೀಟರ್ ದಾಟಿದ, ಪವರ್ ಸ್ಟೇರಿಂಗ್ ಇಲ್ಲದ ಅಂಬಾಸಿಡರನ್ನ ತಿರುಗಿಸೋಕೆ ಭುಜ ಬೇಕು.

ನ್ಯಾಯವಾಗಿ ಒಂದು ಮಾತು ಹೇಳಿಬಿಡ್ತೀನಿ. ಮಳೆಗಾಲದಲ್ಲಿ, ತುಂಬಿದ ಗಾಡಿ, ಕಡಿದಾದ ಮಣ್ಣಿನ ಏರು ಅಂದ್ರೆ 800 ಸೋಲುತ್ತೆ. ಅದು ಮುಂದಿನ ಚಕ್ರ ಎಳೆಯೋ ಕಾರು. ಏರಿನಲ್ಲಿ ಭಾರ ಹಿಂದಕ್ಕೆ ಜಾರುತ್ತೆ, ಮುಂದಿನ ಚಕ್ರ ಹಗುರಾಗಿ ಸುಮ್ಮನೆ ತಿರುಗುತ್ತೆ. ಅಂಬಾಸಿಡರಿಗೆ ಹಿಂದಿನ ಚಕ್ರದ ನೂಕು, ಜನ ಹೆಚ್ಚಾದಷ್ಟೂ ಹಿಡಿತ ಹೆಚ್ಚು. 15 ಇಂಚಿನ ದೊಡ್ಡ ಚಕ್ರ ಗುಂಡಿಯನ್ನ ದಾಟಿದರೆ, 800ರ 12 ಇಂಚಿನ ಚಕ್ರ ಗುಂಡಿಯೊಳಗೆ ಇಳಿದು ನೋಡಿಕೊಂಡು ಬರುತ್ತೆ. ಇನ್ನು ಏಸಿ ಹಾಕ್ಕೊಂಡು 800ರಲ್ಲಿ ಘಾಟಿ ಹತ್ತಿದವರಿಗೆ ಗೊತ್ತು: ತಿರುವು ಬಂದಾಗ ಏಸಿ ಆಫ್, ದಾಟಿದ ಮೇಲೆ ಏಸಿ ಆನ್. ಮಲೆನಾಡಿನ ಒಳಗಿನ ತೋಟದ ಮನೆಯವರು ಅಂಬಾಸಿಡರ್ ಅಥವಾ ಜೀಪು ಬಿಟ್ಟು ಬೇರೆ ಮುಟ್ಟದೇ ಇದ್ದದ್ದಕ್ಕೆ ಕಾರಣ ಇತ್ತು. ಅವರ ಮೇಲೆ ನನ್ನ ತಕರಾರಿಲ್ಲ. ನನ್ನ ತಕರಾರಿರೋದು ಜಯನಗರದಲ್ಲೋ ಕುವೆಂಪುನಗರದಲ್ಲೋ ಟಾರು ರಸ್ತೆ ಮೇಲೆ ಬೆಳೆದು "ಆನೆ, ಆನೆ" ಅನ್ನೋರ ಮೇಲೆ.

ಈಗ ಆ "ಗಟ್ಟಿ" ಅನ್ನೋ ಮಾತಿಗೆ ಬರ್ತೀನಿ. ದಪ್ಪ ತಗಡು, ಬಾಗಿಲು ಹಾಕಿದ್ರೆ ಧಡ್ ಅಂತ ಸದ್ದು, ಗೋಡೆಗೆ ಗುದ್ದಿದ್ರೆ ಗೋಡೆ ಬೀಳುತ್ತೆ ಅನ್ನೋ ನಂಬಿಕೆ. ಗುದ್ದಿದ ಮೇಲೆ ಕಾರಿಗೆ ಏನೂ ಆಗಲಿಲ್ಲ ಅಂದ್ರೆ ಆ ಹೊಡೆತ ಎಲ್ಲಿಗೆ ಹೋಯ್ತು ಅಂತ ಯಾರೂ ಕೇಳಲ್ಲ. ಒಳಗೆ ಕೂತವರ ಎದೆಗೆ, ಕುತ್ತಿಗೆಗೆ ಹೋಯ್ತು. ಮುಂಭಾಗ ತಾನು ನಜ್ಜುಗುಜ್ಜಾಗಿ ಒಳಗಿನವರನ್ನ ಉಳಿಸಬೇಕು ಅನ್ನೋ ಆಲೋಚನೆ ಹರಡೋಕೆ ಮೊದಲೇ ಎಳೆದ ನಕ್ಷೆ ಅದು. 800 ಸುರಕ್ಷಿತ ಅಂತ ನಾನು ಹೇಳ್ತಾ ಇಲ್ಲ, ದೇವರಾಣೆಗೂ ಇಲ್ಲ. ಎರಡರಲ್ಲೂ ಗಾಳಿಚೀಲ ಇಲ್ಲ, ಎರಡೂ ಇವತ್ತಿನ ಹೆದ್ದಾರಿಗೆ ಹೆದರಬೇಕಾದ ಕಾರುಗಳೇ. ಒಂದು ತೆಳ್ಳಗಿರೋದು ಎಲ್ಲರಿಗೂ ಕಾಣುತ್ತೆ, ಇನ್ನೊಂದು ದಪ್ಪ ತಗಡಿನ ಹಿಂದೆ ಮೋಸ ಮಾಡುತ್ತೆ, ಅಷ್ಟೇ ವ್ಯತ್ಯಾಸ.

ಅದರ ಜೊತೆಗೇ ಬರೋ ಇನ್ನೊಂದು ಹೊಗಳಿಕೆ: "ಎಲ್ಲಿ ಕೆಟ್ಟು ನಿಂತರೂ ರಿಪೇರಿ ಆಗುತ್ತಿತ್ತು ಕಣ್ರೀ, ಸುತ್ತಿಗೆ, ಸ್ಪ್ಯಾನರ್, ಒಂದು ತುಂಡು ತಂತಿ ಇದ್ರೆ ಸಾಕು." ಇದನ್ನ ನಾನು ಎಷ್ಟು ಸಲ ಕೇಳಿದ್ದೀನೋ. ಸ್ವಲ್ಪ ನಿಧಾನಕ್ಕೆ ಓದಿ ಅದನ್ನ. ಎಲ್ಲಿ. ಕೆಟ್ಟು. ನಿಂತರೂ. ಇದು ಹೊಗಳಿಕೆಯೋ ದೂರೋ? ಊರೂರಿಗೂ ಅಂಬಾಸಿಡರ್ ಮೆಕ್ಯಾನಿಕ್ ಇದ್ದ ಅಂದ್ರೆ ಊರೂರಲ್ಲೂ ಅವನಿಗೆ ಕೆಲಸ ಇತ್ತು ಅಂತ ಅರ್ಥ. ಬೇಸಿಗೆಯಲ್ಲಿ ಪೆಟ್ರೋಲ್ ಪಂಪು ಬಿಸಿಯಾಗಿ ಗಾಡಿ ನಿಂತ್ರೆ ಅದರ ಮೇಲೆ ಒದ್ದೆ ಬಟ್ಟೆ ಸುತ್ತೋದು, ಆಗಾಗ್ಗೆ ಗ್ರೀಸ್ ಹೊಡೆಸೋದು, ಬೆಳಿಗ್ಗೆ ಚೋಕ್ ಎಳೆದು ಬೇಡಿಕೊಳ್ಳೋದು, ಇವೆಲ್ಲ ಗೊತ್ತಿದ್ದವನೇ ಡ್ರೈವರ್. ಹಾರನ್ ಒಂದನ್ನ ಬಿಟ್ಟು ಬಾಕಿ ಎಲ್ಲಾ ಸದ್ದು ಮಾಡುತ್ತೆ ಅನ್ನೋ ಹಳೇ ಜೋಕು ಹುಟ್ಟಿದ್ದು ಸುಮ್ಮನೆ ಅಲ್ಲ. ಮಾರುತಿ ಬಂದಾಗ ಮೆಕ್ಯಾನಿಕ್‌ಗಳು "ಇದು ಬಿಚ್ಚೋಕೆ ಬರಲ್ಲ" ಅಂತ ಗೊಣಗಿದರಂತೆ. ಬಿಚ್ಚೋ ಅಗತ್ಯ ಅಷ್ಟಾಗಿ ಬೀಳಲಿಲ್ಲ ಅನ್ನೋದು ಅವರ ನಿಜವಾದ ಸಂಕಟ. ಕೀಲಿ ತಿರುಗಿಸಿದ್ರೆ ಸ್ಟಾರ್ಟ್ ಆಗೋ ಕಾರು! ಇವತ್ತು ಇದರಲ್ಲೇನು ವಿಶೇಷ ಅನ್ನಿಸಬಹುದು. 1984ರಲ್ಲಿ ಅದು ಪವಾಡ.

ಖರ್ಚಿನ ಮಾತನ್ನ ಒಂದೇ ಲೆಕ್ಕದಲ್ಲಿ ಮುಗಿಸ್ತೀನಿ. ಪೆಟ್ರೋಲ್ ಅಂಬಾಸಿಡರ್ ಲೀಟರಿಗೆ ಒಂಬತ್ತು ಹತ್ತು ಕಿಲೋಮೀಟರ್. 800 ಹದಿನಾರು ಹದಿನೇಳು. ಬೆಂಗಳೂರಿಂದ ಮೈಸೂರಿಗೆ ಹೋಗಿ ಬರೋದು ಮುನ್ನೂರು ಕಿಲೋಮೀಟರ್ ಅಂದ್ಕೊಳ್ಳಿ. ಒಂದರಲ್ಲಿ 30 ಲೀಟರ್, ಇನ್ನೊಂದರಲ್ಲಿ 18. ಆ 12 ಲೀಟರ್ ಯಾರ ಜೇಬಿಂದ ಹೋಗುತ್ತೆ ಅನ್ನೋದರ ಮೇಲೆ ನಿಮ್ಮ ಅಂಬಾಸಿಡರ್ ಪ್ರೀತಿ ನಿಂತಿದೆ. ಸರ್ಕಾರದ ಜೇಬಾದ್ರೆ ಪ್ರೀತಿ ಜಾಸ್ತಿ :-)

ಈಗ ಉಪಯೋಗ. ನನ್ನ ಇಡೀ ಜಗಳ ಇರೋದೇ ಇಲ್ಲಿ.

ಅಂಬಾಸಿಡರ್ ಹಿಂದಿನ ಸೀಟು ಸೋಫಾ ಅನ್ನೋದು ನಿಜ. ಪಂಚೆ ಉಟ್ಟವರು, ಒಂಬತ್ತು ಗಜದ ಸೀರೆ ಉಟ್ಟವರು, ಮಂಡಿನೋವಿನವರು, ತುಂಬಿದ ಬಸುರಿ, ಯಾರೇ ಆದ್ರೂ ತಲೆ ಬಗ್ಗಿಸದೆ ಹತ್ತಿ ಇಳಿಯಬಹುದು. ರಾತ್ರಿ ಎರಡು ಗಂಟೆಗೆ ಹಳ್ಳಿಯಿಂದ ರೋಗಿಯನ್ನ ಮಲಗಿಸಿಕೊಂಡು, ಜೊತೆಗೆ ನಾಲ್ಕು ಜನ ಕೂತು ಜಿಲ್ಲಾಸ್ಪತ್ರೆಗೆ ಹೊರಡೋಕೆ ಟ್ಯಾಕ್ಸಿ ಸ್ಟ್ಯಾಂಡಿನ ಅಂಬಾಸಿಡರ್ ಬಿಟ್ಟು ಬೇರೆ ಏನಿತ್ತು? ಆ ಸಾಲ ನಾನು ಮರೆಯಲ್ಲ. 800ರಲ್ಲಿ ನಾಲ್ಕು ಜನ ದೊಡ್ಡವರು ಕೂತರೆ ಹಿಂದಿನವರ ಮಂಡಿ ಮುಂದಿನವರ ಬೆನ್ನಿಗೆ. ಡಿಕ್ಕಿ ತೆಗೆದ್ರೆ ಒಂದು ಸೂಟ್‌ಕೇಸು, ಪಕ್ಕದಲ್ಲಿ ಒಂದು ಹಲಸಿನ ಹಣ್ಣು, ಮುಗೀತು. 2013ರಲ್ಲಿ ಬಿಬಿಸಿಯ ಟಾಪ್ ಗೇರ್‌ನವರು ಪ್ರಪಂಚದ ಟ್ಯಾಕ್ಸಿಗಳನ್ನೆಲ್ಲ ಓಡಿಸಿ ಅಂಬಾಸಿಡರೇ ಅತ್ಯುತ್ತಮ ಅಂದರು. ಸರಿಯಾಗೇ ಹೇಳಿದರು. ಅತ್ಯುತ್ತಮ ಟ್ಯಾಕ್ಸಿ.

ಟ್ಯಾಕ್ಸಿ ಅಂದ್ರೆ ಬೇರೆ ಯಾರೋ ಓಡಿಸೋದು!

ನಮ್ಮ ಅಂಬಾಸಿಡರ್ ನೆನಪುಗಳನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿ ನೋಡಿ. ಹಿಂದಿನ ಸೀಟು, ಕಿಟಕಿ, ಅಜ್ಜಿಯ ತೊಡೆ, ಅಪ್ಪನ ಕೈಯಲ್ಲಿ ಪೇಪರು. ಸ್ಟೇರಿಂಗ್ ಹಿಡಿದ ನೆನಪು ಎಷ್ಟು ಜನಕ್ಕಿದೆ? ಆ ಭಾರದ ಕ್ಲಚ್ಚು, ಸ್ಟೇರಿಂಗ್ ಪಕ್ಕದ ಗೇರಿನ ಕೋಲು, ಎರಡನೆಯದು ಎಲ್ಲಿ, ನಾಲ್ಕನೆಯದು ಎಲ್ಲಿ ಅಂತ ಹುಡುಕಾಟ, ಇವುಗಳ ಬಗ್ಗೆ ಭಾವಗೀತೆ ಬರೆದವರನ್ನ ನಾನು ನೋಡಿಲ್ಲ. ಅದನ್ನ ಅನುಭವಿಸಿದವನು ಡ್ರೈವರಣ್ಣ. ಅವನನ್ನ ನಾವು ಯಾವತ್ತೂ ಕೇಳಲಿಲ್ಲ. ಎಂಟು ಗಂಟೆ ಓಡಿಸಿ, ಛತ್ರದ ಹೊರಗೆ ಕಾದು, ಕೊನೇ ಪಂಕ್ತಿಯಲ್ಲಿ ಉಂಡು, ಅದೇ ಮುಂದಿನ ಸೀಟಲ್ಲಿ ಕಾಲು ಮಡಚಿ ಮಲಗಿದವನ ಅಭಿಪ್ರಾಯದಲ್ಲಿ ಅದು "ರಾಜ" ಆಗಿತ್ತೇ?

ತಮಾಷೆ ಏನಂದ್ರೆ ಮಾರಿಸ್ ಆಕ್ಸ್‌ಫರ್ಡ್ ತನ್ನ ಊರಲ್ಲಿ ಹಾಗಿರಲಿಲ್ಲ. ಅದು ಇಂಗ್ಲೆಂಡಿನ ಮಧ್ಯಮ ವರ್ಗದ ಯಜಮಾನ ತಾನೇ ಓಡಿಸಿಕೊಂಡು, ಭಾನುವಾರ ಹೆಂಡತಿ ಮಕ್ಕಳನ್ನ ಕೂರಿಸಿಕೊಂಡು ಹೋಗೋ ಕಾರು. ಇಲ್ಲಿಗೆ ಬಂದ ಮೇಲೆ ಅದನ್ನ ಸಾಹೇಬರ ಕಾರು ಮಾಡಿದ್ದು ನಾವು. ಅದರ ಬೆಲೆ, ಸಿಗೋ ಕಷ್ಟ, ನಮ್ಮ ಮೇಲು ಕೀಳು ಎಲ್ಲಾ ಸೇರಿ.

ನಮ್ಮ ದೊಡ್ಡಪ್ಪನ ಮನೇಲಿ ಅಂಬಾಸಿಡರ್ ಇತ್ತು. ಮನೆ ಹೆಂಗಸರು ಅದರಲ್ಲಿ ಕೂತಿದ್ದು ಸಾವಿರ ಸಲ. ಓಡಿಸಿದ್ದು ಸೊನ್ನೆ. ಯಾರೂ ಬೇಡ ಅಂದಿರಲಿಲ್ಲ, ಯಾರಿಗೂ ಅದು ಹೊಳೆದಿರಲೇ ಇಲ್ಲ. ನಮ್ಮ ಚಿಕ್ಕಮ್ಮ ಪ್ರೈಮರಿ ಸ್ಕೂಲ್ ಟೀಚರ್. ದಿನಾ ಎರಡು ಬಸ್ಸು ಬದಲಾಯಿಸಿ ಶಾಲೆಗೆ ಹೋಗ್ತಿದ್ದವರು. ನಲವತ್ತೊಂದನೇ ವಯಸ್ಸಿನಲ್ಲಿ, ಸೆಕೆಂಡ್ ಹ್ಯಾಂಡ್ 800 ಒಂದನ್ನ ತಮ್ಮ ಪಿಎಫ್ ಸಾಲದಲ್ಲಿ ತಗೊಂಡರು. "ನಿಂಗ್ಯಾಕೆ ಬೇಕಿತ್ತೇ ಇದು, ಬೇಕಾದ್ರೆ ನಮ್ಮ ಗಾಡಿ ಕಳಿಸ್ತಿರಲಿಲ್ವಾ?" ಅಂದರು ದೊಡ್ಡಪ್ಪ. ಪ್ರೀತಿಯಿಂದಲೇ ಅಂದಿದ್ದು. "ನೀವು ಕಳಿಸಿದಾಗ ಅಲ್ಲ ಭಾವ, ನಂಗೆ ಬೇಕಾದಾಗ ಹೋಗಬೇಕು" ಅಂದರು ಚಿಕ್ಕಮ್ಮ. ಅಷ್ಟೇ ಮಾತು. ಪ್ರಾಕ್ಟಿಕಲ್ ಅನ್ನೋ ಪದಕ್ಕೆ ಇದಕ್ಕಿಂತ ಒಳ್ಳೇ ಅರ್ಥ ನನಗೆ ಇನ್ನೂ ಸಿಕ್ಕಿಲ್ಲ.

ಇದು ಒಂದು ಮನೆಯ ಕಥೆ ಮಾತ್ರ ಅಲ್ಲ. ಡ್ರೈವಿಂಗ್ ಸ್ಕೂಲುಗಳನ್ನ ನೆನಪು ಮಾಡ್ಕೊಳ್ಳಿ. ತಲೆ ಮೇಲೆ ಬೋರ್ಡು, ಹಿಂದೆ ಕೆಂಪು ಎಲ್, ಪಕ್ಕದ ಸೀಟಿಗೂ ಒಂದು ಬ್ರೇಕ್ ಪೆಡಲ್ಲು. ನೂರಕ್ಕೆ ತೊಂಬತ್ತು ಸಲ ಅದು 800. ಹಗುರ ಕ್ಲಚ್ಚು, ಬೆರಳಲ್ಲಿ ಬೀಳೋ ಗೇರು, ಕಾರಿನ ನಾಲ್ಕೂ ಮೂಲೆ ಎಲ್ಲಿದೆ ಅಂತ ಕೂತಲ್ಲಿಂದಲೇ ಗೊತ್ತಾಗುತ್ತೆ. ಕೆಟ್ಟು ನಿಂತರೆ ಒಬ್ಬರೇ ಇಳಿದು ರಸ್ತೆ ಪಕ್ಕಕ್ಕೆ ತಳ್ಳಬಹುದು (ಅಂಬಾಸಿಡರ್ ತಳ್ಳೋಕೆ ಊರವರನ್ನ ಕರೀಬೇಕು). ಒಂದಿಡೀ ತಲೆಮಾರು, ಅದರಲ್ಲೂ ಒಂದಿಡೀ ತಲೆಮಾರಿನ ಹೆಂಗಸರು, ಕಾರು ಕಲಿತಿದ್ದು ಈ "ಡಬ್ಬಿ"ಯಲ್ಲಿ. ಸ್ಕೂಟರ್ ಮೇಲೆ ಅಪ್ಪ, ಅಮ್ಮ, ನಡುವೆ ಒಂದು, ಮುಂದೆ ಒಂದು ಮಗು ಅಂತ ಮಳೆಯಲ್ಲಿ ನೆನೆಯುತ್ತಾ ಹೋಗ್ತಿದ್ದ ಗುಮಾಸ್ತರು, ಮೇಷ್ಟ್ರುಗಳು, ಬ್ಯಾಂಕಿನವರು ಮೊದಲ ಸಲ ತಲೆ ಮೇಲೊಂದು ಸೂರು ಇರೋ ಗಾಡಿ ಕಂಡಿದ್ದು ಇದರಲ್ಲಿ. ಇದನ್ನೇ "ಎಲ್ಲಾ ಹಾಳಾಯ್ತು" ಅಂತ ಕರೀತೀರಾ?

ಅಂಬಾಸಿಡರ್ ಐವತ್ತಾರು ವರ್ಷ ಬದುಕಿತು, ಅದೇ ಅದರ ಯೋಗ್ಯತೆ ಅನ್ನೋ ವಾದ ಇನ್ನೊಂದು. ಅಯ್ಯೋ! ಅದು ಬದುಕಿದ್ದು ಬೇರೆಯವರನ್ನ ಒಳಗೆ ಬಿಡದೇ ಇದ್ದಿದ್ದಕ್ಕೆ. ಲೈಸೆನ್ಸ್ ರಾಜ್ ಕಾಲದಲ್ಲಿ ಕಾರು ಬೇಕು ಅಂದ್ರೆ ಅಂಬಾಸಿಡರ್, ಇಲ್ಲಾ ಮುಂಬೈಯ ಫಿಯೆಟ್, ಅಪರೂಪಕ್ಕೆ ಮದರಾಸಿನ ಸ್ಟ್ಯಾಂಡರ್ಡ್. ಎಷ್ಟು ತಯಾರಿಸಬೇಕು ಅಂತ ದೆಹಲಿ ಹೇಳುತ್ತೆ. ಹೊರಗಿಂದ ತರಿಸೋ ಹಾಗಿಲ್ಲ. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಕಾಯೋರ ಸಾಲು ಇರೋವಾಗ ಯಾರು ತಾನೆ ಇಂಜಿನ್ ಬದಲಾಯಿಸ್ತಾರೆ? ಮಾರ್ಕ್ 2, ಮಾರ್ಕ್ 3, ಮಾರ್ಕ್ 4 ಅಂತ ಮುಂದಿನ ಜಾಲರಿ, ದೀಪ ಬದಲಾಯಿಸಿದ್ದೇ ದೊಡ್ಡ ಸಂಶೋಧನೆ.

ಇಲ್ಲೊಂದು ವಿಷಯ ನನ್ನ ಹೊಟ್ಟೆ ಉರಿಸುತ್ತೆ. ಅಂಬಾಸಿಡರಿನ ಮುಂದಿನ ಟಾರ್ಶನ್ ಬಾರ್ ಸಸ್ಪೆನ್ಷನ್ನು, ರ‍್ಯಾಕ್ ಅಂಡ್ ಪಿನಿಯನ್ ಸ್ಟೇರಿಂಗು ಎರಡೂ ಅಲೆಕ್ ಇಸ್ಸಿಗೋನಿಸ್ ಮಾರಿಸ್ ಮೈನರ್ ಕಾರಿನಲ್ಲಿ ಮಾಡಿದ್ದ ಏರ್ಪಾಡಿನ ಜಾಡಿನವು. 1950ರ ದಶಕಕ್ಕೆ ಅದು ಒಳ್ಳೇ ಕೆಲಸ. ಅದೇ ಇಸ್ಸಿಗೋನಿಸ್ 1959ರಲ್ಲಿ ಮಿನಿ ಕಾರು ಮಾಡಿದ. ಅಡ್ಡ ಕೂರಿಸಿದ ಪುಟ್ಟ ಇಂಜಿನ್ನು, ಮುಂದಿನ ಚಕ್ರದ ಎಳೆತ, ಹೊರಗೆ ಚಿಕ್ಕದು, ಒಳಗೆ ಜಾಗ. ನಮ್ಮ 800 ಆ ದಾರಿಯಲ್ಲೇ ಬಂದ ಕಾರು. ಅಂದ್ರೆ ನಾವು ಅಂಬಾಸಿಡರ್ ಮಾಡೋಕೆ ಶುರುಮಾಡಿದ ಒಂದೆರಡು ವರ್ಷದಲ್ಲೇ, ಅದರ ತವರು ಮನೆಯಲ್ಲೇ, ಸಣ್ಣ ಸಂಸಾರಕ್ಕೆ ಬೇಕಾದ ಉತ್ತರ ಸಿಕ್ಕಿತ್ತು. ನಮ್ಮಲ್ಲೂ ಸಣ್ಣ ಕಾರು ಬೇಕು ಅಂತ ಸರ್ಕಾರದ ಮಟ್ಟದಲ್ಲಿ ಮಾತು ಶುರುವಾಗಿದ್ದು ಹೆಚ್ಚು ಕಡಿಮೆ ಅದೇ ಹೊತ್ತಿಗೆ. ಕಾರು ಬಂದಿದ್ದು 1983ರ ಡಿಸೆಂಬರಿನಲ್ಲಿ. ಇಪ್ಪತ್ತನಾಲ್ಕು ವರ್ಷ! ಆ ಇಪ್ಪತ್ತನಾಲ್ಕು ವರ್ಷ ಮಳೆಯಲ್ಲಿ ನೆಂದವರು ಯಾರು, ಹಿಂದಿನ ಸೀಟಲ್ಲಿ ಕೂತವರು ಯಾರು?

ಆ ಹಿಂದಿನ ಸೀಟಿನ ಗತ್ತಿಗೆ ಬಿಳಿ ಬಣ್ಣ, ಕೆಂಪು ದೀಪ, ಕಿಟಕಿಗೆ ಪರದೆ. ವಿಧಾನಸೌಧದ ಮೆಟ್ಟಿಲ ಮುಂದೆ ಸಾಲಾಗಿ ನಿಂತಿರುತ್ತಿದ್ದವು ನೋಡಿ. ಬಿಳಿ ಅಂಬಾಸಿಡರ್ ಅಂದ್ರೆ ಸಾಕು, ಗೇಟು ತಾನೇ ತೆರೆಯುತ್ತೆ, ಪೊಲೀಸಪ್ಪನ ಕೈ ತಾನೇ ಹಣೆಗೆ ಹೋಗುತ್ತೆ. 2001ರ ಡಿಸೆಂಬರ್ 13ರಂದು ಸಂಸತ್ತಿನ ಮೇಲೆ ದಾಳಿ ಮಾಡಿದವರು ಒಳಗೆ ನುಗ್ಗಿದ್ದು ಕೆಂಪು ದೀಪ, ಗೃಹ ಇಲಾಖೆಯ ಸ್ಟಿಕ್ಕರ್ ಹಚ್ಚಿದ ಬಿಳಿ ಅಂಬಾಸಿಡರಿನಲ್ಲಿ. ಅವರಿಗೆ ನಮ್ಮ ಬಗ್ಗೆ ಚೆನ್ನಾಗಿ ಗೊತ್ತಿತ್ತು. ತಪ್ಪು ಕಾರಿನದಲ್ಲ, ಗೊತ್ತು. ಆದರೆ ಒಂದು ಕಾರಿನ ಮುಂದೆ ಇಷ್ಟು ವರ್ಷ ಬಗ್ಗಿ ನಿಂತ ಅಭ್ಯಾಸವನ್ನೇ "ಆ ಗಾಂಭೀರ್ಯ ಈಗಿನ ಕಾರಿಗೆಲ್ಲಿ" ಅಂತ ಹೊಗಳೋದು ಯಾಕೆ? ಕೆಂಪು ದೀಪ 2017ರ ಮೇ ಒಂದನೇ ತಾರೀಖು ಹೋಯ್ತು. ಗಾಂಭೀರ್ಯದ ವ್ಯಾಮೋಹ ನಮ್ಮ ತಲೆಯಿಂದ ಹೋಗಿಲ್ಲ.

"ನಿಮ್ಮ ಮಾರುತಿಯೇನು ಸಾಚಾನಾ?" ಅಂತ ಕೇಳೋಕೆ ಬಾಯಿ ತೆಗೆದಿದ್ದೀರಿ, ಗೊತ್ತು. ಇಲ್ಲ, ಸಾಚಾ ಅಲ್ಲ. ಸಂಜಯ ಗಾಂಧಿಯ ಕನಸಿನ ಕಂಪನಿ, ಅದರ ಹಗರಣ, ಆಮೇಲೆ ಸರ್ಕಾರದ ಮಡಿಲು, ಸುಝುಕಿ ಜೊತೆ ಒಪ್ಪಂದ. ಅದೂ ಮುದ್ದಿನ ಮಗುವೇ. ನಮ್ಮ ಬೆಂಗಳೂರಿನ ಸಿಪಾನಿಯವರು ಫೈಬರ್ ಮೈಯ ಡಾಲ್ಫಿನ್ ಅಂತ ಒಂದು ಪುಟ್ಟ ಕಾರು ಮಾಡಿದ್ದರು, ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ಅಚ್ಚು. ಎರಡೇ ಬಾಗಿಲಿನ ಆ ಗಾಡಿ, ಮಾರುತಿಯ ಎದುರು ಉಳಿಯೋದು ಸಾಧ್ಯವೇ ಇರಲಿಲ್ಲ. (ಡಾಲ್ಫಿನ್ ಬಗ್ಗೆ ಇನ್ನೊಮ್ಮೆ ಬರೀತೀನಿ, ಅದರ ಕಥೆ ದೊಡ್ಡದು.) ಮಾರುತಿಯವರೂ ಕೊನೆಗೆ ಅದೇ ರೋಗ ಅಂಟಿಸಿಕೊಂಡರು. 1986ರಲ್ಲಿ ಬಂದ ಎರಡನೇ ರೂಪದ ಮೈಯನ್ನೇ, ಅಲ್ಲಲ್ಲಿ ತಿದ್ದಿ ತೀಡಿ, 2014ರವರೆಗೆ ಮಾರಿದರು. 2010ರಲ್ಲಿ ಹೊಗೆಯ ಹೊಸ ನಿಯಮ ಬಂದಾಗ ಬೆಂಗಳೂರೂ ಸೇರಿ ದೊಡ್ಡ ಊರುಗಳಲ್ಲಿ 800 ಮಾರೋದು ನಿಲ್ಲಿಸಬೇಕಾಯ್ತು. ಅದಕ್ಕೆ ನಾನು ಅತ್ತಿಲ್ಲ. ಕಾಲ ಮುಗಿದಿತ್ತು, ಹೋಯ್ತು. ಅಂಬಾಸಿಡರಿನ ಕಾಲ ಮುಗಿದು ಮೂವತ್ತು ವರ್ಷ ಆದ ಮೇಲೂ ಅದನ್ನ ಕುರ್ಚಿ ಮೇಲೆ ಹಿಡಿದು ಕೂರಿಸಿದ್ದೆವಲ್ಲ, ಅದಕ್ಕೇ ಸಿಟ್ಟು.

ಅಂಬಾಸಿಡರ್ ಅನ್ನೋ ಹೆಸರನ್ನೇ 2017ರಲ್ಲಿ ಫ್ರಾನ್ಸಿನ ಪ್ಯೂಜೋ ಕಂಪನಿಯವರು 80 ಕೋಟಿ ರೂಪಾಯಿಗೆ ಕೊಂಡುಕೊಂಡರು. ಬರೀ ಹೆಸರಿಗೆ! ಈ ಕಡೆ, ದೇಶದ ಮೊಟ್ಟಮೊದಲ ಮಾರುತಿ 800ರ ಕಥೆ ಕೇಳಿ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರ ಕೈಯಿಂದ ಅದರ ಕೀಲಿ ತಗೊಂಡಿದ್ದು ಇಂಡಿಯನ್ ಏರ್‌ಲೈನ್ಸ್ ನೌಕರ ಹರ್‌ಪಾಲ್ ಸಿಂಗ್. ಬೆಲೆ ಐವತ್ತು ಸಾವಿರದ ಆಸುಪಾಸು. ಅಷ್ಟರಲ್ಲಾಗಲೇ ಒಂದು ಲಕ್ಷಕ್ಕೂ ಹೆಚ್ಚು ಜನ ಹತ್ತು ಹತ್ತು ಸಾವಿರ ಮುಂಗಡ ಕಟ್ಟಿ ಕಾದಿದ್ದರು. ಅವರು ಆ ಕಾರನ್ನ ಸಾಯೋವರೆಗೂ ಮಾರಲಿಲ್ಲ. 2010ರಲ್ಲಿ ಅವರು ತೀರಿಕೊಂಡ ಮೇಲೆ ಅದು ದೆಹಲಿಯ ರಸ್ತೆ ಬದಿಯಲ್ಲಿ ತುಕ್ಕು ಹಿಡಿಯುತ್ತಾ ನಿಂತಿತ್ತು. ಎಷ್ಟೋ ಕಾಲದ ಮೇಲೆ ಕಂಪನಿಯವರೇ ಅದನ್ನ ಸರಿಮಾಡಿಸಿ ತಮ್ಮ ಮುಖ್ಯ ಕಚೇರಿಯಲ್ಲಿ ಇಟ್ಟರು, ಪುಣ್ಯ.

ನಮ್ಮೂರಲ್ಲೂ ಇದೇ ನಡೀತಾ ಇದೆ. ಅಂಬಾಸಿಡರ್ ಸಿಕ್ಕರೆ ಲಕ್ಷಗಟ್ಟಲೆ ಸುರಿದು ಎರಡು ಬಣ್ಣ ಹೊಡೆಸಿ, ಬಿಳಿ ಅಂಚಿನ ಟೈರು ಹಾಕಿಸಿ ಮದುವೆ ಫೋಟೋಗೆ ನಿಲ್ಲಿಸ್ತಾರೆ. ಐವತ್ತು ವರ್ಷ ದಾಟಿದ ಗಾಡಿಗೆ 2021ರ ನಿಯಮದಂತೆ ವಿಂಟೇಜ್ ನಂಬರೂ ಸಿಗುತ್ತೆ. ಮೊದಲ ರೂಪದ 800ಗೆ ಆ ಮರ್ಯಾದೆ ಸಿಗಬೇಕಾದ್ರೆ 2033ರವರೆಗೆ ಅದು ಉಳಿದಿರಬೇಕು. ಗುಜರಿಯವನು ಅಲ್ಲಿವರೆಗೆ ಬಿಟ್ಟರೆ ತಾನೆ! ನಿಮ್ಮ ಮಾವನ ಮನೆ ಶೆಡ್ಡಿನಲ್ಲಿ, ತೆಂಗಿನ ಗರಿ ಕೆಳಗೆ, ಮುಂಭಾಗ ಚಪ್ಪಟೆ ಇರೋ 1984-85ರ ಹಳೇ 800 ಏನಾದ್ರೂ ಬಿದ್ದಿದ್ರೆ ದಯವಿಟ್ಟು ಕಿಲೋ ಲೆಕ್ಕದಲ್ಲಿ ತೂಗಿ ಕೊಡಬೇಡಿ. ಕಾರ್ಬುರೇಟರ್ ಕ್ಲೀನ್ ಮಾಡಿಸಿ, ಬ್ಯಾಟರಿ ಹಾಕಿ ಒಂದು ಸಲ ಕೀಲಿ ತಿರುಗಿಸಿ ನೋಡಿ.

ಇಷ್ಟೆಲ್ಲಾ ಓದಿಯೂ "ಏನೇ ಹೇಳಿ, ಅಂಬಾಸಿಡರ್ ಅಂಬಾಸಿಡರೇ" ಅನ್ನೋರು ಇದ್ದೇ ಇರ್ತೀರಿ. ಬನ್ನಿ, ಪಂದ್ಯ ಇಟ್ಕೊಳ್ಳೋಣ. ಉಜಿರೆಯಿಂದ ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರದವರೆಗೆ. ನಾನು ಚಿಕ್ಕಮ್ಮನ ಆ ಹಳೇ 800 ತರ್ತೀನಿ, ನೀವು ಹಳೇ 1489 ಸಿಸಿ ಅಂಬಾಸಿಡರ್ ತನ್ನಿ. ಸೋತವರು ಕೊಟ್ಟಿಗೆಹಾರದಲ್ಲಿ ನೀರುದೋಸೆ ಕೊಡಿಸಬೇಕು. ಷರತ್ತು ಒಂದೇ, ಡ್ರೈವರನ್ನ ಕರ್ಕೊಂಡು ಬರೋ ಹಾಗಿಲ್ಲ. ಸ್ಟೇರಿಂಗ್ ಹಿಡಿಯೋದು ನೀವೇ.